ಯಾರನ್ನು ಕಳ್ಳನೆನ್ನೋಣ?

(ಗೋವಾದಲ್ಲಿರುವ ಕನ್ನಡ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ. ತೋಟಗಳಲ್ಲಿರುವ ನಮ್ಮ ಓದುಗರಿಗಾಗಿ ಇಲ್ಲಿ ಅಚ್ಚು ಮಾಡಿದೆ.)





ಈ ಹೊತ್ತು ನಾವು ಒಂದೇ ಒಂದು ಮಾತನ್ನು ಕುರಿತು ಹೇಳಬೇಕೆಂದಿದ್ದೇವೆ. ಆ ಮಾತು ‘ಕಳ್ಳ’. ಆರು ದಿನ ಬೆನ್ನು ಬಗ್ಗಿಸಿ ದುಡಿದು ಏಳನೆಯ ದಿನ ಇಲ್ಲಿಗೆ ಬಂದವರಿಗೆ ಶಬ್ದದ ಪಾಠ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಮೊದಲು ಆ ಕಾರಣವನ್ನೇ ಹೇಳುತ್ತೇವೆ.

ಕಳೆದ ಗೇರು ಸುಗ್ಗಿಯಲ್ಲಿ ನಮ್ಮ ಕೂಟಕ್ಕೆ ಬರುವ ಒಬ್ಬ ತಾಯಿ ಒಂದು ತೋಟದಲ್ಲಿ ಹಣ್ಣು ಆಯುವ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬೀಜದ ತೂಕ ಮುಗಿದ ಮೇಲೆ ಹೆಂಗಸರ ಚೀಲ, ಉಡಿ ನೋಡಿ ಬಿಡುವುದು ಅಲ್ಲಿಯ ಪದ್ಧತಿ. ಒಂದು ಸಂಜೆ ಆ ತಾಯಿಯ ಉಡಿಯಲ್ಲಿ ಎರಡು ಹಿಡಿ ಗೇರುಬೀಜ ಸಿಕ್ಕಿತು. ಮಕ್ಕಳಿಗೆ ಸುಟ್ಟುಕೊಡಬೇಕೆಂದು ಕಟ್ಟಿಕೊಂಡಿದ್ದರು. ಮೇಸ್ತ್ರಿ ಎಲ್ಲರ ಮುಂದೆ ‘ಕಳ್ಳಿ’ ಎಂದು ಕೂಗಿದ. ಮೂರು ದಿನದ ಕೂಲಿ ಹಿಡಿದರು. ಪಕ್ಕದಲ್ಲಿ ಅವರ ಹತ್ತು ವರ್ಷದ ಮಗ ನಿಂತಿದ್ದ. ಅದೇ ಸಾಲಿನಲ್ಲಿ ನಮ್ಮವರು ಆರೇಳು ಜನ ಇದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಆ ಹುಡುಗ ಪ್ರಾರ್ಥನೆ ಮುಗಿದ ಮೇಲೆ ಹಿಂದೆ ಉಳಿದು ನಮ್ಮನ್ನು ಕೇಳಿದ: “ನಮ್ಮವ್ವ ಕಳ್ಳಿ ಏನ್ರಿ?”

ಅವನಿಗೆ ಉತ್ತರ ಕೊಡಲು ನಮಗೆ ಆಗಲಿಲ್ಲ. ಅಲ್ಲ ಎಂದರೆ ಸುಳ್ಳಾಗುತ್ತದೆ, ಯಾಕೆಂದರೆ ಬೀಜ ತೆಗೆದುಕೊಂಡದ್ದು ನಿಜ. ಹೌದು ಎನ್ನಲು ನಾಲಿಗೆ ಬರಲಿಲ್ಲ. ಅಂದಿನಿಂದ ನಾವು ನಾಲ್ಕೈದು ಜನ ಕೂಡಿ ಸತ್ಯವೇದವನ್ನು ತೆರೆದು ನೋಡಿದೆವು, ತಿಳಿದವರನ್ನು ಕೇಳಿದೆವು, ಓದಬಲ್ಲವರಿಂದ ಓದಿಸಿ ಕೇಳಿದೆವು. ಆಗ ತಿಳಿದುಬಂದದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಾವಿರುವ ಈ ಗೋವಾ 1510ರಿಂದ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅವರ ಭಾಷೆಯಲ್ಲಿ ಕಳ್ಳನಿಗೆ ‘ಲದ್ರಾಂವ್’ ಎನ್ನುತ್ತಾರೆ. ಸ್ಪೇನ್ ದೇಶದವರು ‘ಲದ್ರೋನ್’ ಎನ್ನುತ್ತಾರೆ, ಇಟಲಿಯವರು ‘ಲಾದ್ರೊ’ ಎನ್ನುತ್ತಾರೆ, ಫ್ರೆಂಚರು ಹಿಂದೆ ‘ಲಾರೋಂ’ ಎನ್ನುತ್ತಿದ್ದರು. ಇಂಗ್ಲಿಷ್ ಕಾನೂನಿನಲ್ಲಿ ಕಳವಿಗೆ ಇರುವ ‘ಲಾರ್ಸೆನಿ’ ಎಂಬ ಹೆಸರೂ ಇದೇ ಮನೆತನದ್ದು. ಇವೆಲ್ಲಕ್ಕೂ ತಾಯಿ ಹಳೆಯ ರೋಮಿನ ಲ್ಯಾಟಿನ್ ಭಾಷೆಯ ‘ಲಾತ್ರೊ’ ಎಂಬ ಮಾತು.

ಈಗ ಕಿವಿಗೊಟ್ಟು ಕೇಳಿರಿ. ‘ಲಾತ್ರೊ’ ಎಂಬುದಕ್ಕೆ ಮೊದಲು ಇದ್ದ ಅರ್ಥ ಕಳ್ಳ ಎಂಬುದಲ್ಲ. ಕೂಲಿಗೆ ದುಡಿಯುವವನು ಎಂಬುದು! ಗ್ರೀಕ್ ಭಾಷೆಯಲ್ಲಿ ‘ಲಾತ್ರೋನ್’ ಎಂದರೆ ಕೂಲಿ, ಸಂಬಳ. ‘ಲಾತ್ರಿಸ್’ ಎಂದರೆ ಕೂಲಿಯಾಳು. ಅಲ್ಲಿಂದಲೇ ಈ ಮಾತು ಲ್ಯಾಟಿನ್ನಿಗೆ ಬಂದಿತು ಎಂದು ಭಾಷಾ ಪಂಡಿತರು ಹೇಳುತ್ತಾರೆ. ರೋಮಿನವರು ಇದನ್ನು ಸಂಬಳಕ್ಕೆ ಕಾದಾಡುವ ಸಿಪಾಯಿಗೆ ಹೇಳುತ್ತಿದ್ದರು. ಕ್ರಿಸ್ತನಿಗಿಂತ 200 ವರ್ಷ ಹಿಂದೆ ಇದ್ದ ಪ್ಲಾಟಸ್ ಎಂಬ ನಾಟಕಕಾರನು ಈ ಮಾತನ್ನು ಬಾಡಿಗೆಯ ಸಿಪಾಯಿಗಳಿಗೇ ಬಳಸಿದ್ದಾನೆ. ನಮ್ಮ ಚದುರಂಗದಂತೆ ರೋಮಿನವರಿಗೂ ಒಂದು ಮಣೆಯಾಟವಿತ್ತು. ಅದರ ಕಾಯಿಗಳಿಗೂ ಇದೇ ಹೆಸರು. ಆ ಕಾಯಿಗಳು ಕಳ್ಳರಲ್ಲ, ಸಿಪಾಯಿಗಳು.

ಹಾಗಾದರೆ ಕೂಲಿಯವನು ಕಳ್ಳನಾದದ್ದು ಹೇಗೆ? ಯುದ್ಧ ನಡೆಯುವಾಗ ಬಾಡಿಗೆಯ ಸಿಪಾಯಿ ಬೇಕು. ಯುದ್ಧ ಮುಗಿದ ಮೇಲೆ ಯಾರಿಗೂ ಬೇಡ. ಸಂಬಳ ನಿಂತಾಗ, ಕೈಯಲ್ಲಿ ಕತ್ತಿಯೂ ಹೊಟ್ಟೆಯಲ್ಲಿ ಹಸಿವೂ ಇದ್ದಾಗ, ಅವನು ದಾರಿಹೋಕರನ್ನು ಸುಲಿಯುತ್ತಾನೆ. ಅವನು ಮಾಡಿದ್ದು ಕೆಟ್ಟ ಕೆಲಸವೇ. ಸುಲಿಗೆಗೊಳಗಾದವರ ಕಣ್ಣೀರೂ ನಿಜವೇ. ಆದರೆ ಕಾಲ ಕಳೆದಂತೆ ಆ ಮಾತಿನಿಂದ ಕೂಲಿ ಎಂಬ ಅರ್ಥ ಅಳಿಸಿಹೋಗಿ ಕಳ್ಳ ಎಂಬುದೊಂದೇ ಉಳಿಯಿತು. ಸಂಬಳ ಕೊಡದೆ ಕೈಬಿಟ್ಟವನಿಗೆ ಯಾವ ಕೆಟ್ಟ ಹೆಸರೂ ಬರಲಿಲ್ಲ. ಕೂಲಿಯವನಿಗೆ ಮಾತ್ರ ಬಂದಿತು.

ಇನ್ನೊಂದು ಸಂಗತಿಯನ್ನು ಕೇಳಿ ನಮಗೆ ಬಹಳ ಆಶ್ಚರ್ಯವಾಯಿತು. ಅದೇ ‘ಲಾತ್ರಿಸ್’ ಎಂಬ ಕೂಲಿಯಾಳಿನ ಮಾತಿನಿಂದಲೇ ಗ್ರೀಕರಲ್ಲಿ ‘ಲಾತ್ರೈಯ’ ಎಂಬ ಮಾತು ಹುಟ್ಟಿದೆ. ಅದಕ್ಕೆ ಸೇವೆ ಎಂದು ಅರ್ಥ, ದೇವರ ಆರಾಧನೆ ಎಂದು ಅರ್ಥ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಮೊದಲಿನಲ್ಲೇ, ನಿಮ್ಮ ದೇಹಗಳನ್ನು ದೇವರಿಗೆ ಸಜೀವ ಯಜ್ಞವಾಗಿ ಒಪ್ಪಿಸಿರಿ, ಅದೇ ನಿಮ್ಮ ಆರಾಧನೆ ಎಂಬ ಅರ್ಥದಲ್ಲಿ ಬೋಧಿಸುವಾಗ ಇದೇ ಮಾತನ್ನು ಬಳಸಿದ್ದಾನೆ. ಒಂದೇ ಬೇರು. ಅದರಿಂದ ಒಂದು ಕಡೆಗೆ ಆರಾಧನೆ ಎಂಬ ಕೊಂಬೆ ಬೆಳೆಯಿತು, ಇನ್ನೊಂದು ಕಡೆಗೆ ಕಳ್ಳ ಎಂಬ ಕೊಂಬೆ ಬೆಳೆಯಿತು. ಬೇರಿನಲ್ಲಿ ಇರುವವನು ಕೂಲಿಯಾಳು, ಅಂದರೆ ನಾವು.

ಇನ್ನು ಪೋರ್ಚುಗೀಸರ ‘ಲದ್ರಾಂವ್’ ಎಲ್ಲೆಲ್ಲಿ ಓಡಾಡುತ್ತದೆ ನೋಡೋಣ. ನೀರಿನ ಟಾಕಿ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗಲೆಂದು ಮೇಲೆ ಒಂದು ಕೊಳವೆ ಇಟ್ಟಿರುತ್ತಾರಲ್ಲ, ಅದಕ್ಕೆ ಅವರು ಲದ್ರಾಂವ್ ಎನ್ನುತ್ತಾರೆ, ಕಳ್ಳ! ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಎದ್ದು ಬರುವ, ಫಸಲು ಕೊಡದ ಚಿಗುರಿಗೂ ಬ್ರೆಜಿಲ್ ದೇಶದ ಕಾಫಿ ತೋಟಗಳಲ್ಲಿ ಅದೇ ಹೆಸರು. ತೋಟದಲ್ಲಿ ಚಿಗುರು ತೆಗೆಯುವ ಕೆಲಸ ಮಾಡಿದ ಅಕ್ಕತಂಗಿಯರಿಗೆ ಇದು ಚೆನ್ನಾಗಿ ಗೊತ್ತು. ಗಿಡದ ಸಾರವನ್ನೆಲ್ಲ ಅದು ಎಳೆದುಕೊಳ್ಳುತ್ತದೆ ಎಂದು ನಾವು ಅದನ್ನು ಮುರಿದು ಹಾಕುತ್ತೇವೆ.

ಸ್ಪೇನಿನವರು ಕಾಲುವೆಯ ದಂಡೆಯಲ್ಲಿ ನೀರು ತಿರುಗಿಸಿಕೊಳ್ಳಲು ಕೊರೆದ ಕಿಂಡಿಗೆ ‘ಲದ್ರೋನ್’ ಎನ್ನುತ್ತಾರೆ. ಮೇಣದ ಬತ್ತಿಯ ಕುಡಿ ಮುರಿದು ಮೇಣಕ್ಕೆ ಅಂಟಿ, ಒಂದು ಮಗ್ಗುಲಿಗೆ ಮೇಣವೆಲ್ಲ ಸೋರಿಹೋಗುವಂತೆ ಮಾಡಿದರೆ, ಆ ಕುಡಿಯೂ ಕಳ್ಳ. ಈಗಿನ ಕಾಲದಲ್ಲಿ ಗೋಡೆಯ ಒಂದೇ ವಿದ್ಯುತ್ ತೂತಿಗೆ ಮೂರು ನಾಲ್ಕು ಪ್ಲಗ್ ಸೇರಿಸಲು ಹಾಕುವ ಸಾಧನವೂ ಅವರಿಗೆ ಕಳ್ಳನೇ.

ನಮ್ಮ ಕನ್ನಡವೇನೂ ಕಡಿಮೆಯಲ್ಲ. ಕಳ್ಳದಾರಿ, ಕಳ್ಳಹೆಜ್ಜೆ, ಕಳ್ಳನೋಟು, ಕಳ್ಳಬಟ್ಟಿ, ಕಳ್ಳಸಾಗಣೆ ಎನ್ನುತ್ತೇವೆ. ಹಾಲು ಕರೆಯುವಾಗ ಪೂರ್ತಿ ಬಿಡದೆ ಕರುವಿಗೆಂದು ಉಳಿಸಿಕೊಳ್ಳುವ ಹಸುವಿಗೆ ಕಳ್ಳ ಹಸು ಎನ್ನುತ್ತೇವೆ. ಸ್ವಲ್ಪ ಯೋಚಿಸಿ ನೋಡಿರಿ. ಹಾಲು ಹಸುವಿನದು, ಕರುವೂ ಹಸುವಿನದು. ಆದರೂ ಕಳ್ಳತನದ ಹೆಸರು ಹಸುವಿಗೇ ಬಂದಿದೆ, ಯಾಕೆಂದರೆ ಹೆಸರಿಟ್ಟವನು ಚೊಂಬು ಹಿಡಿದು ಕುಳಿತವನು. ಚಿಗುರಿನ ಸಂಗತಿಯೂ ಹಾಗೆಯೇ. ಅದು ಅದೇ ಗಿಡದ ಚಿಗುರು, ಬೇರೆ ಗಿಡದಿಂದ ಬಂದು ಕದ್ದದ್ದಲ್ಲ. ಫಸಲಿನ ಲೆಕ್ಕ ಬರೆಯುವವನಿಗೆ ಅದು ಕಳ್ಳ.

ನಮ್ಮ ಕೆಲಸಗಾರರಿಗೆ ಹತ್ತಿರವಾದ ಮಾತು ಇನ್ನೊಂದಿದೆ: ಮೈಗಳ್ಳ. ಮೇಸ್ತ್ರಿಗಳ ಬಾಯಲ್ಲಿ ನಾವು ಇದನ್ನು ಕೇಳದ ವಾರವಿಲ್ಲ. ಮೈಯನ್ನು ಕದಿಯುವವನು ಮೈಗಳ್ಳ. ಯಾರ ಮೈ? ಅವನದೇ ಮೈ. ಯಾರಿಂದ ಕದ್ದ? ಕೂಲಿ ಕೊಡುವವನಿಂದ. ಅಂದರೆ ಕೂಲಿಗೆ ಒಪ್ಪಿದ ಮೇಲೆ ಈ ಮೈ ನಮ್ಮದಲ್ಲ ಎಂಬ ಲೆಕ್ಕವು ಆ ಮಾತಿನೊಳಗೆ ಅಡಗಿದೆ. ಜ್ವರ ಬಂದು ಕುಳಿತವನೂ ಮೈಗಳ್ಳ, ಬಸುರಿ ಹೆಂಗಸು ಒಂದು ಗಳಿಗೆ ನಿಂತರೆ ಅವಳೂ ಮೈಗಳ್ಳಿ. ಆದರೆ ಪೌಲನು ದೇಹವನ್ನು ದೇವರಿಗೆ ಒಪ್ಪಿಸಿರಿ ಎಂದಿದ್ದಾನೆ. ದುಡಿಮೆಯ ಎಂಟು ತಾಸನ್ನು ನಾವು ಮಾರಿರಬಹುದು, ಮೈಯನ್ನು ಮಾರಿಲ್ಲ. ಅದರ ಒಡೆಯನು ಬೇರೆ ಇದ್ದಾನೆ.

ಒಂದು ಮಾತು ಗಿಡಕ್ಕೂ ಹಸುವಿಗೂ ತಗಲಿದರೆ ನಕ್ಕು ಬಿಡಬಹುದು. ಒಂದು ಊರಿಗೆ, ಒಂದು ಜನಾಂಗಕ್ಕೆ ತಗಲಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಂಗತಿಗಳನ್ನು ಹೇಳುತ್ತೇವೆ.

ಮೆಗಲನ್ ಎಂಬ ಪೋರ್ಚುಗೀಸ್ ನಾವಿಕನ ಹೆಸರನ್ನು ಶಾಲೆಗೆ ಹೋಗುವ ಮಕ್ಕಳು ಕೇಳಿದ್ದೀರಿ. ಅವನು ಮೊದಲು ನಮ್ಮ ಇಂಡಿಯಾದ ಕಡಲಿನಲ್ಲೇ ಪೋರ್ಚುಗೀಸರ ಸಿಪಾಯಿಯಾಗಿದ್ದವನು. ಆಮೇಲೆ ಸ್ಪೇನ್ ದೊರೆಯ ಹಡಗುಗಳನ್ನು ನಡೆಸಿಕೊಂಡು ಹೋದ. 1521ರ ಮಾರ್ಚ್ ತಿಂಗಳಲ್ಲಿ, ಮೂರು ತಿಂಗಳಿಗೂ ಮೇಲೆ ಹಸಿವಿನಿಂದ ಬಳಲಿ, ಶಾಂತ ಮಹಾಸಾಗರದ ಗುವಾಮ್ ಎಂಬ ದ್ವೀಪವನ್ನು ಮುಟ್ಟಿದ. ಅಲ್ಲಿಯ ಜನ ಹಡಗನ್ನು ಹತ್ತಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು, ಒಂದು ಚಿಕ್ಕ ದೋಣಿಯನ್ನೂ ಬಿಚ್ಚಿಕೊಂಡು ಹೋದರು. ಮೆಗಲನ್ ನಲವತ್ತು ಜನ ಆಯುಧಧಾರಿಗಳೊಡನೆ ದಡಕ್ಕಿಳಿದು ನಲವತ್ತು ಐವತ್ತು ಮನೆಗಳನ್ನು ಸುಟ್ಟು, ಏಳು ಜನರನ್ನು ಕೊಂದು, ದೋಣಿಯನ್ನು ತಂದ. ಮೇಲೆ ಆ ದ್ವೀಪಗಳಿಗೆ ‘ಲದ್ರೋನರ ದ್ವೀಪಗಳು’, ಅಂದರೆ ಕಳ್ಳರ ದ್ವೀಪಗಳು ಎಂದು ಹೆಸರಿಟ್ಟ. 1668ರಲ್ಲಿ ಸ್ಪೇನ್ ರಾಣಿಯ ಹೆಸರಿನಲ್ಲಿ ಅವಕ್ಕೆ ಮರಿಯಾನಾ ಎಂದು ಹೆಸರು ಬದಲಾಯಿತಾದರೂ, ಅನಂತರವೂ ಬಹಳ ಕಾಲ ಆ ಹಳೆಯ ಹೆಸರು ಹೋಗಲಿಲ್ಲ. ಒಂದು ದೋಣಿ ತೆಗೆದವರು ಕಳ್ಳರು. ಮನೆಗಳನ್ನು ಸುಟ್ಟು ಏಳು ಪ್ರಾಣ ತೆಗೆದವನು ಮಹಾ ನಾವಿಕನು.

ಎರಡನೆಯದು ನಮ್ಮ ನಾಡಿನದೇ. ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯಿಂದ ಬಂದವರಿಗೆ ‘ಸೆಟ್ಲಮೆಂಟ್’ ಎಂಬ ಮಾತು ಗೊತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರವು ಒಂದು ಕಾಯಿದೆ ಮಾಡಿ, ಕೆಲವು ಜಾತಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂದು ಮುದ್ರೆ ಒತ್ತಿತು. 1911ರಲ್ಲಿ ಅದನ್ನು ದೇಶದ ಉಳಿದ ಭಾಗಕ್ಕೂ ಹರಡಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಈ ಜಿಲ್ಲೆಗಳಲ್ಲಿ ಅಂಥವರನ್ನು ಕುಟುಂಬ ಸಮೇತ ತಂದು ಬೇಲಿಯೊಳಗೆ ಇಟ್ಟರು. ದಿನವೂ ಹಾಜರಿ ಕೊಡಬೇಕು. ಅಪ್ಪಣೆ ಇಲ್ಲದೆ ಹೊರಗೆ ಹೋಗಕೂಡದು. ಅಲ್ಲಿಯ ಒಂದು ಜಾತಿಗೆ ಸರ್ಕಾರದ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರೇ ನಿಂತುಹೋಯಿತು. ಹೆಸರಿನಲ್ಲೇ ಚೋರ! ತೊಟ್ಟಿಲಲ್ಲಿರುವ ಮಗು ಯಾರ ಗಂಟನ್ನು ಕದ್ದಿತ್ತು? ಆ ಬೇಲಿಯೊಳಗಿನ ಜನರನ್ನು ಗಿರಣಿ ಮುಂತಾದ ಕಡೆಗಳಿಗೆ ದುಡಿಯಲು ಕಳಿಸುತ್ತಿದ್ದರು. ರೋಮಿನಲ್ಲಿ ಕೂಲಿಯವನಿಗೆ ಕಳ್ಳನೆಂಬ ಹೆಸರು ಬಂದಿತು. ಇಲ್ಲಿ ಕಳ್ಳನೆಂಬ ಹೆಸರು ಕೊಟ್ಟು ಕೂಲಿಗೆ ಹಚ್ಚಿದರು. 1952ರಲ್ಲಿ ನಮ್ಮ ಸ್ವತಂತ್ರ ಸರ್ಕಾರವು ಆ ಕಾಯಿದೆಯನ್ನು ತೆಗೆದುಹಾಕಿತು. ಕಾಯಿದೆ ಹೋಯಿತು, ಆದರೆ ಜನರ ನಾಲಿಗೆಯಿಂದ ಹೆಸರು ಅಷ್ಟು ಬೇಗ ಹೋಗಲಿಲ್ಲ.

ಗೋವಾದಲ್ಲಿ ನಮಗೂ ಇದರ ರುಚಿ ಗೊತ್ತಿದೆ. 1961ರ ನಂತರ ಬಂದರು, ಗಣಿ, ರಸ್ತೆ, ಕಟ್ಟಡದ ಕೆಲಸಗಳಿಗೆಂದು ನಮ್ಮವರು ಘಟ್ಟ ಇಳಿದು ಬಂದರು. ಘಟ್ಟದ ಮೇಲಿನಿಂದ ಬಂದದ್ದಕ್ಕೆ ನಮಗೆ ‘ಘಾಟಿ’ ಎಂಬ ಹೆಸರು. ಒಂದು ಸೈಕಲ್ ಕಳೆದುಹೋದರೆ ಮೊದಲು ನೋಡುವುದು ಘಾಟಿಯ ಗುಡಿಸಲ ಕಡೆಗೆ. ಎಲ್ಲರೂ ಹಾಗಲ್ಲ, ನಮ್ಮ ಮಕ್ಕಳನ್ನು ತಮ್ಮ ಮಕ್ಕಳಂತೆ ನೋಡಿದ ಗೋವಾದ ತಾಯಂದಿರು ಎಷ್ಟೋ ಜನರಿದ್ದಾರೆ. ಆದರೆ ನೋವಿನ ಮಾತನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ನಮ್ಮ ತಪ್ಪನ್ನೂ ಹೇಳಬೇಕು. ಊರಲ್ಲಿದ್ದಾಗ ಸೆಟ್ಲಮೆಂಟಿನ ಜನರನ್ನು ಕಂಡು ಬಾಗಿಲು ಹಾಕಿಕೊಂಡವರು ನಮ್ಮಲ್ಲೂ ಇದ್ದಾರೆ.

ಹಾಗಾದರೆ ದೊಡ್ಡ ಕಳ್ಳರ ಕಡೆ ಬೊಟ್ಟು ಮಾಡಿದವರು ಯಾರೂ ಇಲ್ಲವೇ? ಇದ್ದಾರೆ. ಹಳೇ ಗೋವಾದಲ್ಲಿ ಯಾರ ದೇಹವನ್ನು ಇಟ್ಟಿದ್ದಾರೋ ಆ ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದರು. ಇಲ್ಲಿಯ ಪೋರ್ಚುಗೀಸ್ ಅಧಿಕಾರಿಗಳು ಮಾಡುವುದನ್ನು ಕಣ್ಣಾರೆ ಕಂಡರು. 1545ರ ಜನವರಿಯಲ್ಲಿ ಕೊಚ್ಚಿಯಿಂದ ಪೋರ್ಚುಗಲ್ಲಿನಲ್ಲಿದ್ದ ತಮ್ಮ ಜೊತೆಗಾರನಿಗೆ ಬರೆದ ಪತ್ರದಲ್ಲಿ, ನಿನ್ನ ಸ್ನೇಹಿತರನ್ನು ಅಧಿಕಾರ ಕೊಟ್ಟು ಇಂಡಿಯಾಕ್ಕೆ ಕಳಿಸಬೇಡ ಎಂದು ಎಚ್ಚರಿಸಿದರು. ಇಲ್ಲಿ ‘ಕಿತ್ತುಕೊಳ್ಳು’ ಎಂಬ ಒಂದು ಕ್ರಿಯಾಪದವನ್ನು ಎಷ್ಟೊಂದು ರೂಪಗಳಲ್ಲಿ ನಡೆಸುತ್ತಾರೆ ಎಂದು ಬೇಸರದಿಂದ ಬರೆದರು. ಶಾಲೆಯ ಮಕ್ಕಳು ವ್ಯಾಕರಣ ಹೇಳುವುದಿಲ್ಲವೇ: ಕಿತ್ತುಕೊಂಡೆನು, ಕಿತ್ತುಕೊಳ್ಳುತ್ತೇನೆ, ಕಿತ್ತುಕೊಳ್ಳುವೆನು. ಹಾಗೆ.

ಅದಾಗಿ 110 ವರ್ಷಗಳ ಮೇಲೆ, 1655ರಲ್ಲಿ, ಆಂಟೋನಿಯೊ ವಿಯೇರ ಎಂಬ ಪಾದ್ರಿಯು ಲಿಸ್ಬನ್ ನಗರದ ಒಂದು ದೇವಾಲಯದಲ್ಲಿ ಪ್ರಸಂಗ ಮಾಡಿದರು. ಅದರ ಹೆಸರು ‘ಒಳ್ಳೆಯ ಲದ್ರಾಂವ್‌ನ ಪ್ರಸಂಗ’. ಇವರು ಬ್ರೆಜಿಲ್ ದೇಶದಲ್ಲಿ ಅಲ್ಲಿಯ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡುವುದನ್ನು ವಿರೋಧಿಸಿದವರು. ಝೇವಿಯರರ ಆ ವ್ಯಾಕರಣದ ಮಾತನ್ನು ಅವರು ಸಭೆಯಲ್ಲಿ ನೆನಪಿಸಿದರು. ಹೊಟ್ಟೆಗಿಲ್ಲದೆ ಕದಿಯುವ ಬಡವನ ಮಾತನ್ನು ನಾನು ಆಡುತ್ತಿಲ್ಲ. ದೊರೆಯ ಅಧಿಕಾರ ಪಡೆದು ನಾಡುಗಳನ್ನೇ ದೋಚುವವರ ಮಾತನ್ನು ಆಡುತ್ತಿದ್ದೇನೆ. ಅಂಥವರನ್ನು ನೇಮಿಸಿ ಸುಮ್ಮನಿರುವ ದೊರೆಯೂ ದೇವರಿಗೆ ಲೆಕ್ಕ ಕೊಡಬೇಕು ಎಂಬುದು ಅವರ ಬೋಧನೆಯ ಸಾರ. ಇಷ್ಟನ್ನು ದೊಡ್ಡವರ ಎದುರಿಗೇ ನಿಂತು ಹೇಳಿದರು. ನಮ್ಮ ಹಿರಿಯರು ‘ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ’ ಎಂದಿದ್ದಾರೆ. ಮಾತು ಸರಿ. ಆದರೆ ಆನೆ ಕದ್ದವನ ಉಡಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ.

ಈಗ ಸತ್ಯವೇದಕ್ಕೆ ಬರೋಣ. ಲ್ಯಾಟಿನ್ ಸತ್ಯವೇದದಲ್ಲಿ ಈ ‘ಲಾತ್ರೊ’ ಎಂಬ ಮಾತು ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿಸಿದೆವು. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ದಾರಿಹೋಕನನ್ನು ಬಡಿದವರು ಇವರೇ. ದೇವಾಲಯವನ್ನು ಕಳ್ಳರ ಗವಿ ಮಾಡಿದ್ದೀರಿ ಎಂದು ಯೇಸುಸ್ವಾಮಿ ಗದರಿಸಿದಾಗ ಬರುವುದೂ ಇದೇ ಮಾತು. ಅಲ್ಲಿ ಗಮನಿಸಿರಿ: ನಮ್ಮ ಕರ್ತನು ಈ ಮಾತಿನಿಂದ ಹೊಡೆದದ್ದು ಹಸಿದವರನ್ನಲ್ಲ, ಬಡವರ ಕಾಣಿಕೆಯಲ್ಲಿ ಲಾಭ ಮಾಡುತ್ತಿದ್ದ ವ್ಯಾಪಾರಿಗಳನ್ನು. ಬರಬ್ಬನಿಗೂ ಈ ಹೆಸರಿದೆ. ಮಾರ್ಕನ ಸುವಾರ್ತೆಯಂತೆ ಅವನು ದಂಗೆಯಲ್ಲಿ ಹಿಡಿಯಲ್ಪಟ್ಟವರ ಸಂಗಡ ಇದ್ದವನು.

ಗೆತ್ಸೇಮನೆ ತೋಟದಲ್ಲಿ ಕತ್ತಿ ದೊಣ್ಣೆ ಹಿಡಿದು ಬಂದವರಿಗೆ ಯೇಸು ಏನು ಕೇಳಿದನು? ಕಳ್ಳನನ್ನು ಹಿಡಿಯಲು ಬಂದಂತೆ ಬಂದಿರಾ ಎಂದು ಕೇಳಿದನು. ಅಲ್ಲಿಯೂ ಇದೇ ಮಾತು. ಅಂದರೆ ಆ ರಾತ್ರಿ ಈ ಹೆಸರು ನಮ್ಮ ಕರ್ತನಿಗೇ ಬಂದಿತು. ಮರುದಿನ ಇಬ್ಬರು ಕಳ್ಳರ ನಡುವೆ ಅವನನ್ನು ಶಿಲುಬೆಗೆ ಹಾಕಿದರು. ನೋಡಲು ಬಂದವರಿಗೆ ಅಲ್ಲಿ ಕಂಡದ್ದು ಮೂವರು ಅಪರಾಧಿಗಳು. ತಪಾಸಣೆಯ ಸಾಲಿನಲ್ಲಿ ನಿಂತು ತಲೆ ತಗ್ಗಿಸಿದ ಪ್ರತಿಯೊಬ್ಬ ತಾಯಿಯೂ ಇದನ್ನು ನೆನಪಿಡಬೇಕು.

ಆ ಇಬ್ಬರಲ್ಲಿ ಒಬ್ಬನು ತನ್ನ ತಪ್ಪನ್ನು ಒಪ್ಪಿಕೊಂಡ. ನಮಗೆ ಆಗಿರುವುದು ನ್ಯಾಯವೇ, ಈತನಾದರೋ ಏನೂ ತಪ್ಪು ಮಾಡಿದವನಲ್ಲ ಎಂದ. ತನ್ನನ್ನು ನೆನಸಿಕೊಳ್ಳಬೇಕೆಂದು ಬೇಡಿದ. ಲೂಕನ ಸುವಾರ್ತೆ 23ನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ, ಅಥವಾ ಮಕ್ಕಳಿಂದ ಓದಿಸಿರಿ. ಯೇಸು ಅವನನ್ನು ಒಂದು ಸಲವಾದರೂ ಕಳ್ಳ ಎಂದು ಕರೆಯಲಿಲ್ಲ. ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು ಮಾತು ಕೊಟ್ಟನು.

ವಿಯೇರ ಪಾದ್ರಿಯು ಅದೇ ಪ್ರಸಂಗದಲ್ಲಿ ಜಕ್ಕಾಯನನ್ನೂ ಇವನನ್ನೂ ಹೋಲಿಸಿ ನೋಡಿದ್ದಾರೆ. ಜಕ್ಕಾಯನು ಸುಂಕದ ಅಧಿಕಾರಿ, ಐಶ್ವರ್ಯವಂತ. ಅವನ ಕೈಯಲ್ಲಿ ಹಿಂದಕ್ಕೆ ಕೊಡಲು ಹಣವಿತ್ತು. ಕೊಡುತ್ತೇನೆಂದು ಹೇಳಿದ ಮೇಲೆಯೇ ಅವನ ಮನೆಗೆ ರಕ್ಷಣೆ ಬಂದಿತು. ಶಿಲುಬೆಯ ಮೇಲಿದ್ದವನ ಕೈಗಳಿಗೆ ಮೊಳೆ ಬಡಿದಿತ್ತು. ಹಿಂದಕ್ಕೆ ಕೊಡಲು ಏನೂ ಇರಲಿಲ್ಲ. ಅವನಿಗೆ ಅದೇ ದಿನ ಬಾಗಿಲು ತೆರೆಯಿತು. ಉಳ್ಳವನು ತಪ್ಪಾಯಿತು ಎಂದರೆ ಸಾಲದು, ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಕೂಲಿಯ ವಿಷಯದಲ್ಲಿ ದೇವರ ಮಾತು ಬಹಳ ಸ್ಪಷ್ಟವಾಗಿದೆ. ಕೂಲಿಯವನ ಕೂಲಿಯನ್ನು ಮರುದಿನದವರೆಗೂ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ನಮ್ಮ ದೇಶದಲ್ಲಿ ಸಂಬಳ ಪಾವತಿಗೆ ಕಾಯಿದೆ ಬಂದದ್ದು 1936ರಲ್ಲಿ. ದೇವರ ಕಾಯಿದೆ ಮೋಶೆಯ ಕಾಲದ್ದು. ಅದೇ ಯಾಜಕಕಾಂಡವು ಹೊಲ ಕೊಯ್ಯುವಾಗ ಅಂಚನ್ನು ಬಿಡಬೇಕು, ಬಿದ್ದ ತೆನೆಯನ್ನು ಆಯ್ದುಕೊಳ್ಳಬಾರದು, ದ್ರಾಕ್ಷೇತೋಟದಲ್ಲಿ ಉದುರಿದ ಹಣ್ಣನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎನ್ನುತ್ತದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಯಾರೂ ಅವಳ ಉಡಿಯನ್ನು ಬಿಚ್ಚಿಸಲಿಲ್ಲ; ಬೇಕೆಂದೇ ತೆನೆಗಳನ್ನು ಉದುರಿಸಿರಿ ಎಂದು ಬೋವಜನು ಆಳುಗಳಿಗೆ ಹೇಳಿದನು. ಗೇರುಹಣ್ಣೂ ನೆಲಕ್ಕೆ ಉದುರಿದ ಮೇಲೆ ಆಯುವ ಹಣ್ಣೇ ಅಲ್ಲವೇ?

ಇದನ್ನು ಕೇಳಿ, ಹಾಗಾದರೆ ಕದ್ದರೂ ಚಿಂತೆಯಿಲ್ಲ ಎಂದು ಯಾರೂ ತಿಳಿಯಬೇಡಿರಿ. ಕದಿಯಬಾರದು ಎಂಬ ಆಜ್ಞೆ ಬಡವರಿಗೂ ಇದೆ. ಹಕ್ಕಲನ್ನು ಹಗಲು ಹೊತ್ತಿನಲ್ಲಿ ಕೇಳಿ ತೆಗೆದುಕೊಳ್ಳಬೇಕು. ಉಡಿಯಲ್ಲಿ ಬಚ್ಚಿಟ್ಟುಕೊಂಡರೆ ಅದು ಹಕ್ಕಲಲ್ಲ. ನಮ್ಮೊಳಗಿನ ಕಳವುಗಳನ್ನೂ ಎಣಿಸೋಣ. ಹಾಜರಿ ಹಾಕಿಸಿ ಮರದ ಬುಡದಲ್ಲಿ ಮಲಗಿದರೆ, ನಮ್ಮ ಪಾಲಿನ ಕೆಲಸವನ್ನು ಪಕ್ಕದ ಸಾಲಿನವನು ಮಾಡಬೇಕಾಗುತ್ತದೆ. ಅದು ಧಣಿಯಿಂದ ಕದ್ದದ್ದಲ್ಲ, ಜೊತೆಗಾರನಿಂದ ಕದ್ದದ್ದು. ಬಟವಾಡೆಯ ಸಂಜೆ ಕೂಲಿಯ ಅರ್ಧವನ್ನು ಫೆಣಿಯ ಅಂಗಡಿಗೆ ಸುರಿದು ಮನೆಗೆ ಹೋಗುವ ಅಣ್ಣಂದಿರೇ, ಆ ಹಣ ಮಕ್ಕಳ ಅಕ್ಕಿಯದು. ಹೆಂಡತಿ ದುಡಿದ ಕೂಲಿಯನ್ನು ತಾನೇ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳುವ ಗಂಡನೂ ಲೆಕ್ಕ ಕೊಡಬೇಕು. ನಮ್ಮವರೇ ಮೇಸ್ತ್ರಿಯಾದಾಗ ತೂಕದಲ್ಲಿ ಒಂದು ಕಿಲೋ ಇಳಿಸಿ ಬರೆದದ್ದೂ ನಡೆದಿದೆ. ಇದನ್ನೆಲ್ಲ ಒಪ್ಪಿಕೊಳ್ಳದೆ ಬೇರೆಯವರ ಕಡೆ ಬೊಟ್ಟು ತೋರಿಸಿದರೆ ಅದು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ.

ಈಗ ಆ ತಾಯಿಯ ಕಥೆಯನ್ನು ಮುಗಿಸುತ್ತೇವೆ. ಮುಂದಿನ ವಾರ ನಾವು ಮೂವರು ಅವರ ಜೊತೆಗೆ ಧಣಿಗಳ ಬಳಿ ಹೋದೆವು. ಆ ತಾಯಿ ತಾವಾಗಿಯೇ, “ತಪ್ಪಾಗೇತ್ರಿ, ಕೇಳಿ ತೊಗೋಬೇಕಾಗಿತ್ತು” ಎಂದು ಹೇಳಿ, ಎರಡು ಹಿಡಿ ಬೀಜದ ಬೆಲೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಾವು, ಎರಡು ಹಿಡಿ ಬೀಜಕ್ಕೆ ಮೂರು ದಿನದ ಕೂಲಿ ಹಿಡಿದದ್ದು ಯಾವ ಲೆಕ್ಕದಲ್ಲಿ ಎಂದು ಕೇಳಿದೆವು. ಧಣಿಗಳು ಪುಸ್ತಕ ತರಿಸಿ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಎರಡು ದಿನದ ಕೂಲಿಯನ್ನು ಹಿಂದಕ್ಕೆ ಕೊಟ್ಟರು. ಮೂರನೆಯ ದಿನದ್ದು ಬರಲಿಲ್ಲ. ಈ ಸುಗ್ಗಿಗೆ ಆ ತೋಟದಿಂದ ಅವರಿಗೆ ಕರೆಯೂ ಬರಲಿಲ್ಲ. ಬೇರೆ ಕಡೆ ದುಡಿಯುತ್ತಿದ್ದಾರೆ. ಪೂರ್ತಿ ಗೆದ್ದೆವೆಂದು ಹೇಳಿಕೊಳ್ಳಲು ನಮಗೆ ಏನೂ ಇಲ್ಲ. ಆದರೆ ಆ ದಿನ ಹಿಂದಿರುಗುವಾಗ ಆ ತಾಯಿ ತಲೆ ಎತ್ತಿಕೊಂಡು ನಡೆದರು. ಮಗನೂ ಜೊತೆಗಿದ್ದ.

ಆ ಹುಡುಗನಿಗೆ ನಾವು ಈಗ ಹೇಳುವ ಉತ್ತರ ಇದು. ಮಗು, ನಿಮ್ಮವ್ವ ಎರಡು ಹಿಡಿ ಬೀಜವನ್ನು ಕೇಳದೆ ತೆಗೆದುಕೊಂಡರು. ಅದು ತಪ್ಪು. ತಪ್ಪು ಎಂಬುದು ಒಂದು ಕೆಲಸ. ಅದನ್ನು ಒಪ್ಪಿಕೊಂಡು, ತೆಗೆದದ್ದನ್ನು ಹಿಂದಕ್ಕೆ ಕೊಟ್ಟರೆ ಮುಗಿಯಿತು. ಕಳ್ಳಿ ಎಂಬುದು ಹೆಸರು. ಅದನ್ನು ಮೈಗೆ ಅಂಟಿಸಿದರೆ ಬಿಡುವುದೇ ಇಲ್ಲ. ದೇವರು ಕದಿಯಬೇಡ ಎಂದು ಹೇಳಿದನೇ ಹೊರತು ನೀನು ಕಳ್ಳ ಎಂದು ಹೇಳಲಿಲ್ಲ. ನಿಮ್ಮವ್ವನ ಹೆಸರು ಅವರಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರೇ.

ಇನ್ನು ನಾವೆಲ್ಲರೂ ಮಾಡಬೇಕಾದ ಮೂರು ಕೆಲಸಗಳಿವೆ. ಒಂದು, ಮನೆಯಲ್ಲಿ ಮಕ್ಕಳನ್ನು ಸಿಟ್ಟಿನಿಂದಾಗಲಿ ತಮಾಷೆಗಾಗಲಿ ಕಳ್ಳ, ಮೈಗಳ್ಳ ಎಂದು ಕರೆಯಬೇಡಿರಿ. ಯಾವ ಜಾತಿಯವರನ್ನೂ ಯಾವ ಊರಿನವರನ್ನೂ ಹಾಗೆ ಕರೆಯಬೇಡಿರಿ. ಎರಡು, ದುಡಿದ ದಿನಗಳನ್ನೂ ತೂಕವನ್ನೂ ಬಂದ ಕೂಲಿಯನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿರಿ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಬರೆದ ಲೆಕ್ಕವಿದ್ದರೆ ಕೇಳುವ ಬಾಯಿಗೆ ಧೈರ್ಯ ಬರುತ್ತದೆ. ಮೂರು, ಇನ್ನು ಮುಂದೆ ನಮ್ಮಲ್ಲಿ ಯಾರಿಗಾದರೂ ಆ ಹೆಸರು ಬಂದಾಗ ಸಾಲಿನಲ್ಲಿ ನಿಂತು ನೆಲ ನೋಡಬಾರದು. ಪಕ್ಕದಲ್ಲಿ ಹೋಗಿ ನಿಲ್ಲಬೇಕು. ಅಂದು ನಾವು ನಿಲ್ಲಲಿಲ್ಲ. ಆ ತಾಯಿಯ ಮುಂದೆ, ನಿಮ್ಮೆಲ್ಲರ ಮುಂದೆ, ದೇವರ ಮುಂದೆ ಇದನ್ನು ಒಪ್ಪಿಕೊಳ್ಳುತ್ತೇವೆ.

ಕೊನೆಗೆ ಕಾಫಿ ಗಿಡದ ಆ ಚಿಗುರಿನ ಮಾತು. ಕಳ್ಳನೆಂದು ನಾವು ಮುರಿದು ಹಾಕುವ ಚಿಗುರನ್ನು ಎಲ್ಲ ಕಾಲದಲ್ಲೂ ಮುರಿಯುವುದಿಲ್ಲ ಎಂಬುದು ತೋಟದವರಿಗೆ ಗೊತ್ತು. ಗಿಡ ಮುದಿಯಾಗಿ ಫಸಲು ನಿಂತಾಗ ಅದನ್ನು ಬುಡದ ಹತ್ತಿರ ಕಡಿಯುತ್ತಾರೆ. ಆಗ ಬುಡದಿಂದ ಎದ್ದ ಅಂಥದೇ ಒಂದು ಗಟ್ಟಿ ಚಿಗುರನ್ನು ಆರಿಸಿ ಬೆಳೆಯಲು ಬಿಡುತ್ತಾರೆ. ಮುಂದಿನ ಗಿಡ ಅದೇ, ಫಸಲೂ ಅದರದೇ. ಗೊಲ್ಗೊಥಾ ಗುಡ್ಡದಲ್ಲಿ ಲೋಕವು ಮುರಿದು ಹಾಕಿದ ಒಬ್ಬನನ್ನು ಕರ್ತನು ಹಾಗೆಯೇ ಆರಿಸಿಕೊಂಡನು.

ಪ್ರಾರ್ಥಿಸೋಣ. ಕಳ್ಳರ ನಡುವೆ ತೂಗಿದ ಕರ್ತನೇ, ನಾವು ಕದ್ದದ್ದನ್ನು ಒಪ್ಪಿಕೊಳ್ಳುವ ಮನಸ್ಸನ್ನೂ, ನಮ್ಮಿಂದ ಕದ್ದದ್ದನ್ನು ಕೇಳುವ ಧೈರ್ಯವನ್ನೂ ನಮಗೆ ಕೊಡು. ಲೈನ್ ಮನೆಗಳಲ್ಲಿ, ಗುಡಿಸಲುಗಳಲ್ಲಿ ಇರುವ ನಮ್ಮ ಮಕ್ಕಳನ್ನು ಅವರವರ ಹೆಸರಿನಿಂದಲೇ ಕರೆ. ನಿನ್ನ ರಾಜ್ಯದಲ್ಲಿ ನಮ್ಮನ್ನು ನೆನಸಿಕೋ. ಆಮೆನ್.